ಮಣ್ಣು ಚಪ್ಪರಿಸಿದರು, ಬೆಳ್ಳಿ ಅರಳಿತು!

ಬೀದರ್ ಕೋಟೆಯೊಳಗೆ ಒಂದು ಮಣ್ಣಿದೆ. ಬಿಸಿಲು ಕಾಣದ, ಮಳೆ ತಾಗದ, ಹಳೆಯ ಗೋಡೆಗಳ ಮರೆಯಲ್ಲಿ ಶತಮಾನಗಳಿಂದ ಬಿದ್ದುಕೊಂಡಿರುವ ಮಣ್ಣು. ಅದು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ತಿಳಿಯಲು ಬಿದ್ರಿ ಕುಶಲಕರ್ಮಿ ಏನು ಮಾಡುತ್ತಾನೆ ಗೊತ್ತೇ? ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು ಚಪ್ಪರಿಸುತ್ತಾನೆ!

ಪ್ರಯೋಗಾಲಯವಿಲ್ಲ, ಮಾಪಕವಿಲ್ಲ. ನಾಲಿಗೆ ಹೇಳಿದ್ದೇ ಕೊನೆಯ ಮಾತು. ಆ ಮಾತನ್ನು ನಂಬಿ, ದಿನಗಟ್ಟಲೆ ಕೂತು ಕೆತ್ತಿದ, ಗೆರೆಗೆರೆಗೂ ಬೆಳ್ಳಿ ಕೂರಿಸಿದ ಹೂಜಿಯನ್ನು ಆ ಮಣ್ಣಿನ ಕುದಿನೀರಿಗೆ ಅದ್ದುತ್ತಾರೆ. ನಾಲಿಗೆ ಸರಿಯಾಗಿ ಹೇಳಿದ್ದರೆ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಒಂದಿಷ್ಟೂ ಕಂದುವುದಿಲ್ಲ. ತಪ್ಪಿ ಹೇಳಿದ್ದರೆ ಅಷ್ಟೂ ದಿನದ ದುಡಿಮೆ ನೀರಿನಲ್ಲಿ ಹೋಮ.

ಬೆಂಗಳೂರಿನ ಕಾಲೇಜೊಂದರ ವಿದ್ಯಾರ್ಥಿಗಳು ಸಾಂಸ್ಕೃತಿಕ ಪ್ರವಾಸಕ್ಕೆ ಹೊರಟಾಗ ನಾನೂ ಬಸ್ಸು ಹತ್ತಿದ್ದೆ. ಬಸ್ಸಿನ ತುಂಬ ರಸಾಯನಶಾಸ್ತ್ರ, ಗಣಿತ, ವಾಣಿಜ್ಯ ಓದುವ ಹುಡುಗ ಹುಡುಗಿಯರು. ಬಹುತೇಕರು ತುಂಗಭದ್ರೆ ದಾಟಿದ್ದೇ ಅದು ಮೊದಲು. ಬೀದರ್, ಅಲ್ಲಿಂದ ಇಳಕಲ್, ಹಂಪಿಯ ಮೇಲೆ ಹಾದು ಕಿನ್ನಾಳ. ಮೇಷ್ಟ್ರು ಹಾಕಿದ ಷರತ್ತು ಒಂದೇ: ಎಲ್ಲಿ ಹೋದರೂ ನಿಂತು ನೋಡಿ ಫೋಟೊ ತೆಗೆದು ಬರುವಂತಿಲ್ಲ, ನೆಲದ ಮೇಲೆ ಕೂತು ಕೈ ಹಾಕಬೇಕು. ಆ ಒಂದು ಷರತ್ತು ಏನೇನು ತೆರೆದು ತೋರಿಸಿತು ನೋಡಿ! ನಮ್ಮ ನಾಲಿಗೆ, ಕಿವಿ, ಬೆರಳ ತುದಿ ಇವೆಲ್ಲ ಅಳೆಯುವ, ತೂಗುವ, ತೀರ್ಪು ಕೊಡುವ ಉಪಕರಣಗಳು. ಅವನ್ನು ಹದಗೊಳಿಸುವ ವಿದ್ಯೆಗೇ ನಾವು ಕರಕುಶಲ ಎಂದು ಹೆಸರಿಟ್ಟು ಮಳಿಗೆಯ ಗಾಜಿನ ಹಿಂದೆ ಕೂರಿಸಿಬಿಟ್ಟಿದ್ದೇವೆ.

ಮಾಯವಾದ ಹೂಗಳು

ಬಹಮನಿ ಸುಲ್ತಾನರು ಕಲಬುರಗಿಯಿಂದ ಬೀದರಿಗೆ ರಾಜಧಾನಿ ತಂದದ್ದು 15ನೇ ಶತಮಾನದ ಮೊದಲರ್ಧದಲ್ಲಿ. ಅವರ ಹಿಂದೆ ಪರ್ಷಿಯಾದ ವಿದ್ವಾಂಸರು ಬಂದರು, ಕಸುಬುದಾರರು ಬಂದರು. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಗೋಡೆಯ ಮೇಲೆ ಬಣ್ಣದ ಹೆಂಚುಗಳು ಇವತ್ತಿಗೂ ಅಲ್ಲಲ್ಲಿ ಹೊಳೆಯುತ್ತವೆ. ಕೋಟೆಯೊಳಗಿನ ರಂಗೀನ್ ಮಹಲಿಗೆ ಹೋಗಿ ಕಣ್ಣು ಅರಳಿಸಿ ನೋಡಿದೆವು: ಕರಿಗಲ್ಲಿನಲ್ಲಿ ಬಳ್ಳಿ ಕೆತ್ತಿ, ಅದರೊಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಕಪ್ಪಿನೊಳಗೆ ಬಿಳುಪು ಹುದುಗಿಸುವ ಹುಚ್ಚು ಈ ಊರಿಗೆ ಎಂದಿನದೋ!

ಚೌಬಾರಾ ಗೋಪುರದ ಹತ್ತಿರದ ಓಣಿಯೊಂದರಲ್ಲಿ ನಮಗೆ ಕಲಿಸಲು ಒಪ್ಪಿದ ಹಿರಿಯರನ್ನು ಎಲ್ಲರೂ ಚಾಚಾ ಎಂದೇ ಕರೆದರು. ಮೊದಲ ಅಚ್ಚರಿ ಒಲೆಯ ಮುಂದೆಯೇ ಕಾದಿತ್ತು. ಬಿದ್ರಿಯ ಮೂಲ ಲೋಹ ಸತು ಮತ್ತು ತಾಮ್ರದ ಬೆರಕೆ. ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ. ಸತು ಬಲು ಚಂಚಲ. ಸುಮಾರು 420 ಡಿಗ್ರಿಗೆ ಕರಗುತ್ತದೆ, 907ಕ್ಕೆ ಆವಿಯಾಗಿ ಹಾರಿಹೋಗುತ್ತದೆ. ತಾಮ್ರ ಕರಗಲು 1085 ಡಿಗ್ರಿ ಬೇಕು. ಅಂದರೆ ತಾಮ್ರವನ್ನು ಕರಗಿಸುವ ಹೊತ್ತಿಗೆ ಮೂಸೆಯಲ್ಲಿ ಸತುವೇ ಇರುವುದಿಲ್ಲ! ಹಾಗಾದರೆ ಎರಡೂ ಕೂಡುವುದು ಹೇಗೆ? ಕರಗಿದ ಸತುವಿನೊಳಗೆ ಬಿದ್ದ ತಾಮ್ರ ತನ್ನ ಕರಗುವ ಬಿಂದುವಿಗಿಂತ ಎಷ್ಟೋ ಕೆಳಗೇ ಮೆಲ್ಲಗೆ ಅದರಲ್ಲಿ ಲೀನವಾಗಿಬಿಡುತ್ತದೆ. ಚಾಚಾ ಇದಕ್ಕೆ ಸೂತ್ರ ಬರೆದು ತೋರಿಸಲಿಲ್ಲ. ಕರಗಿದ ಲೋಹದ ಬಣ್ಣ ನೋಡಿದರು, ಕಡ್ಡಿಯಿಂದ ಒಮ್ಮೆ ಕಲಕಿದರು, ಇಳಿಸಿದರು. ಅಷ್ಟೇ!

ಅಷ್ಟು ಚೂರು ತಾಮ್ರ ಯಾಕೆ ಬೇಕು? ಬರೀ ಸತುವಾದರೆ ಕೊನೆಗೆ ಆ ಕಪ್ಪು ಹಿಡಿಯುವುದೇ ಇಲ್ಲ. 16ಕ್ಕೆ 1ರಷ್ಟಿರುವ ಆ ಪುಟ್ಟ ಪಾಲಿನಲ್ಲೇ ಬಿದ್ರಿಯ ಪ್ರಾಣವಿದೆ.

ಔಡಲೆಣ್ಣೆ, ರಾಳ ಬೆರೆಸಿ ಹದ ಮಾಡಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಆರಿದ ಮೇಲೆ ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಬಳಿಯುತ್ತಾರೆ. ಬೂದುಬಣ್ಣದ ಲೋಹ ಆ ಕ್ಷಣಕ್ಕೆ ಕಪ್ಪಾಗುತ್ತದೆ. ಇದು ನಿಜವಾದ ಕಪ್ಪಲ್ಲ, ಗೆರೆ ಕಾಣಲಿ ಎಂದು ಹಾಕಿದ ತಾತ್ಕಾಲಿಕ ಕಪ್ಪು. ಅದರ ಮೇಲೆ ಮೊನಚು ಕಡ್ಡಿಯಿಂದ ಚಾಚಾ ಹೂಬಳ್ಳಿ ಬಿಡಿಸತೊಡಗಿದರು. ನಕಾಶೆಯಿಲ್ಲ, ಕಂಪಾಸಿಲ್ಲ, ಅಳಿಸುವ ಮಾತಿಲ್ಲ! ಅಶ್ರಫಿ ಕಿ ಬೂಟಿ, ಫೂಲ್‌ಜಾಡಿ ಎಂದು ಹೆಸರು ಹೇಳುತ್ತಲೇ ದುಂಡು ತಟ್ಟೆಯ ಸುತ್ತ ಬಳ್ಳಿ ಎಳೆದುಕೊಂಡು ಬಂದು ಶುರುವಾದ ಜಾಗಕ್ಕೇ ತಂದು ಸೇರಿಸಿದರು. ಒಂದು ಎಲೆ ಹೆಚ್ಚಿಲ್ಲ, ಒಂದು ಎಲೆ ಕಡಿಮೆಯಿಲ್ಲ.

ಈಗ ಮಕ್ಕಳ ಸರದಿ. ಅಂಗೈಯಗಲದ ತುಂಡನ್ನು ಅರಗಿನಿಂದ ಕಲ್ಲಿಗೆ ಅಂಟಿಸಿ, ಪುಟ್ಟ ಉಳಿ ಕೊಟ್ಟರು. ವಾಣಿಜ್ಯದ ಹುಡುಗನೊಬ್ಬ ಹಲ್ಲು ಕಚ್ಚಿ ಬಡಿದ. ಉಳಿ ಸರ್ರನೆ ಜಾರಿತು.

“ಬೇಟಾ, ಕೈ ಬಿಗಿ ಹಿಡೀಬ್ಯಾಡ. ಉಳಿ ತಾನೇ ಹೋಗ್ತದ, ನೀ ಬರೇ ದಾರಿ ತೋರ್ಸು.”

ಹುಡುಗ ಭುಜ ಸಡಿಲಿಸಿದ. ಟಿಕ್ ಟಿಕ್ ಟಿಕ್. ಕೂದಲೆಳೆಯಷ್ಟು ತೆಳ್ಳಗೆ ಲೋಹದ ಸುರುಳಿ ಎದ್ದು ಬಂತು, ಅದರ ಹಿಂದೆ ಒಂದು ಗೆರೆ. ಆ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಮೆಲ್ಲಗೆ ಬಡಿದರೆ ತಂತಿ ಒಳಗಿಳಿದು ಕಚ್ಚಿಕೊಳ್ಳುತ್ತದೆ. ಅಂಟಿಲ್ಲ, ಬೆಸುಗೆಯಿಲ್ಲ! ತಂತಿ ಕೂರಿಸುವ ಈ ಬಗೆಗೆ ತಾರ್‌ಕಶಿ ಎಂದು ಹೆಸರು, ಬೆಳ್ಳಿಯ ತಗಡು ಕತ್ತರಿಸಿ ಕೂರಿಸಿದರೆ ತಹ್‌ನಿಶಾನ್.

ಆಮೇಲೆ ನಡೆದದ್ದು ಜಾದೂ. ಬೆಳ್ಳಿ ಕೂರಿಸಿದ ತಟ್ಟೆಯನ್ನು ಚಾಚಾ ಗಸಗಸ ಉಜ್ಜಿ ಮೆರುಗು ಕೊಟ್ಟರು. ಮೈಲುತುತ್ತದ ಕಪ್ಪು ಹೋಯಿತು. ಅದರೊಂದಿಗೆ ಹೂಗಳೂ ಹೋದವು! ಸತುವಿನ ಬಿಳುಪು, ಬೆಳ್ಳಿಯ ಬಿಳುಪು ಎರಡೂ ಒಂದಾಗಿ ತಟ್ಟೆ ಪೂರ್ತಿ ಖಾಲಿ ಕಂಡಿತು. ಅಷ್ಟು ಹೊತ್ತಿನ ಕೆಲಸ ಎಲ್ಲಿ? ಹುಡುಗಿಯೊಬ್ಬಳು ತಟ್ಟೆಯನ್ನು ಬೆಳಕಿಗೆ ಹಿಡಿದು ಓರೆ ಮಾಡಿ ಹುಡುಕಿದಳು. ಚಾಚಾ ನಗುತ್ತಾ ಕೋಟೆಯ ಮಣ್ಣು, ನವಸಾಗರ ಹಾಕಿ ಕುದಿಸಿದ ನೀರಿಗೆ ತಟ್ಟೆ ಇಳಿಸಿದರು, ಹೊರಳಿಸಿದರು, ತೆಗೆದು ತೊಳೆದರು. ಇಡೀ ತಟ್ಟೆ ಕಡುಗಪ್ಪು! ಆ ಕಪ್ಪಿನ ಮೇಲೆ ಪ್ರತಿ ಹೂವು, ಪ್ರತಿ ಎಲೆ, ಪ್ರತಿ ತಂತು ಥಟ್ಟನೆ ಎದ್ದು ನಿಂತಿತ್ತು. ಎಣ್ಣೆ ಸವರಿದ ಮೇಲಂತೂ ಕಪ್ಪು ಇನ್ನೂ ಆಳವಾಯಿತು. ಓಣಿಯವರು ಬಾಗಿಲಿಗೆ ಬಂದು ನೋಡುವಷ್ಟು ಜೋರಾಗಿ ಮಕ್ಕಳು ಕೂಗಿದರು.

ರಸಾಯನಶಾಸ್ತ್ರದ ಗುಂಪು ಅಲ್ಲೇ ತಲೆಗೆ ತಲೆ ಕೊಟ್ಟು ಕೂತಿತು. ಆ ಮಣ್ಣಿನಲ್ಲಿ ನೈಟ್ರೇಟ್ ಲವಣ, ಅಂದರೆ ಪೆಟ್ಲುಪ್ಪಿನ ಅಂಶ ಇದೆಯಂತೆ. ನೈಟ್ರೇಟ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಮಳೆ ಬಿದ್ದರೆ ತೊಳೆದು ಹೋಗುತ್ತದೆ. “ಅದಕ್ಕೇ ಕಣ್ರೋ ಮಳೆ ತಾಗದ ಮಣ್ಣು!” ಎಂದು ಒಬ್ಬಳು ಕಿರುಚಿದಳು. ಇನ್ನೊಬ್ಬ ಮುಂದಿನ ಕೊಂಡಿ ಹಿಡಿದ: ಪೆಟ್ಲುಪ್ಪು ನಾಲಿಗೆಗೆ ಉಪ್ಪುಪ್ಪಾಗಿ, ತಣ್ಣಗೆ ತಾಗುತ್ತದೆ. ನಾಲಿಗೆ ಹುಡುಕುತ್ತಿದ್ದದ್ದು ಅದನ್ನೇ! ರಸಾಯನಶಾಸ್ತ್ರ ಎಂಬ ಪಾಠಪುಸ್ತಕ ಹುಟ್ಟುವ ಮೊದಲೇ ಈ ಓಣಿಯ ನಾಲಿಗೆಗಳು ಪರೀಕ್ಷೆ ಪಾಸಾಗಿದ್ದವು.

2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ, ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿ ಬಿದ್ರಿ ಹುಕ್ಕಾ ಬುರುಡೆಗಳು, ಹೂಜಿಗಳು ಕೂತಿವೆ. ಅಲ್ಲೆಲ್ಲ ಕಾಣುವುದು ಮುಗಿದ ಕಪ್ಪು ಮಾತ್ರ. ಹೂಗಳು ಮಾಯವಾಗಿ ಮರಳಿ ಬರುವ ಆ ಗಳಿಗೆ ನೋಡಬೇಕಾದರೆ ಬೀದರಿನ ಓಣಿಗೇ ಬರಬೇಕು.

ಕಿವಿಗೆ ಕೇಳಿದ ರೊಟ್ಟಿ

ನಮ್ಮ ಅದೃಷ್ಟಕ್ಕೆ ಎಳ್ಳಮಾವಾಸ್ಯೆ ಬಂದಿತ್ತು. ದಕ್ಷಿಣದವರಿಗೆ ಪಂಚಾಂಗದಲ್ಲಿ ಹಾದುಹೋಗುವ ಒಂದು ಹೆಸರು. ಬೀದರ್, ಕಲಬುರಗಿ, ವಿಜಯಪುರದ ಕಡೆ ಮಾತ್ರ ಅವತ್ತು ಊರಿಗೆ ಊರೇ ಮನೆಗೆ ಬೀಗ ಹಾಕಿ ಹೊಲಕ್ಕೆ ನಡೆಯುತ್ತದೆ! ಎತ್ತಿನ ಬಂಡಿ, ಟ್ರ್ಯಾಕ್ಟರ್, ಬೈಕು, ತಲೆಯ ಮೇಲೆ ಬುಟ್ಟಿ. ನಮ್ಮನ್ನೂ ಒಂದು ರೈತ ಕುಟುಂಬ ಎಳೆದುಕೊಂಡು ಹೋಯಿತು.

ಎದೆಯೆತ್ತರ ನಿಂತ ಹಿಂಗಾರಿ ಜೋಳ, ನಡುವೆ ಅಲ್ಲಲ್ಲಿ ಕುಸುಬೆ, ಕಡಲೆ. ಹೊಲದಲ್ಲಿ ಐದು ಕಲ್ಲು ಇಟ್ಟು, ಪಾಂಡವರೆಂದು ಪೂಜೆ ಮಾಡಿದರು. ನಂತರ ಚರಗ ಚೆಲ್ಲುವ ಸಂಭ್ರಮ. ಬುಟ್ಟಿಯಲ್ಲಿ ಕಡುಬು, ಭಜ್ಜಿ, ಅನ್ನ ಎಲ್ಲ ಕಲೆಸಿಕೊಂಡು ಮುಂದೊಬ್ಬರು ಚೆಲ್ಲುತ್ತಾ, ಹಿಂದೊಬ್ಬರು ನೀರು ಚಿಮುಕಿಸುತ್ತಾ, ಕೂಗಿಗೆ ಕೂಗು ಸೇರಿಸುತ್ತಾ ಹೊಲದ ಸುತ್ತ ನಡೆದರು. ಭೂಮಿತಾಯಿಗೆ ಮೊದಲ ತುತ್ತು. ಇರುವೆಗೆ, ಹಕ್ಕಿಗೆ, ಹುಳಕ್ಕೆ ಅದರಲ್ಲೇ ಪಾಲು. ಆಮೇಲೆ ಮನುಷ್ಯರ ಸರದಿ. ಗುರುತಿದ್ದವರು ಇಲ್ಲದವರು ಎಂಬ ಭೇದವಿಲ್ಲ, ದಾರಿಯಲ್ಲಿ ಹೋಗುವವರನ್ನೂ ಕೂಗಿ ಕೂರಿಸುತ್ತಾರೆ! ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಅಗಸಿ ಹಿಂಡಿ, ಕೆನೆಮೊಸರು, ಸೊಪ್ಪು ತರಕಾರಿ ಹಸಿಕಾಳು ಎಲ್ಲ ಬೆರೆತ ಭಜ್ಜಿ. ಭಜ್ಜಿ ಎಂದರೆ ಬೆಂಗಳೂರಿನ ಎಣ್ಣೆ ಬಾಣಲೆಯ ಬಜ್ಜಿಯಲ್ಲ ಎಂದು ಬಾಯಿಗಿಟ್ಟ ಮೇಲೆ ತಿಳಿದ ಹುಡುಗರು ಮತ್ತೆ ಮತ್ತೆ ಬಡಿಸಿಕೊಂಡರು.

ಸಂಜೆ ಮನೆಯಲ್ಲಿ ರೊಟ್ಟಿ ಪಾಠ. ಗೋಧಿ ಹಿಟ್ಟಿಗೆ ಎಳೆದರೂ ಹರಿಯದ ಗುಣ ಕೊಡುವ ಗ್ಲುಟೆನ್ ಜೋಳದಲ್ಲಿಲ್ಲ. ತಣ್ಣೀರು ಹಾಕಿ ನಾದಿದರೆ ಉದುರಿ ಹೋಗುತ್ತದೆ. ಉಪಾಯವೇನು? ಕುದಿಯುವ ಎಸರು! ಬಿಸಿನೀರಿಗೆ ಹಿಟ್ಟಿನ ಪಿಷ್ಟ ಅರಳಿ ಅಂಟಾಗುತ್ತದೆ, ಹಿಟ್ಟಿಗೆ ಜಿಗಿ ಬರುತ್ತದೆ. ಎಸರು ಹೆಚ್ಚಾದರೆ ಕೈಗೆ ಮೆತ್ತುತ್ತದೆ, ಕಡಿಮೆಯಾದರೆ ಅಂಚು ಒಡೆಯುತ್ತದೆ. ಅಳತೆ ಲೋಟದಲ್ಲಿಲ್ಲ, ಅಂಗೈಯಲ್ಲಿದೆ.

ಮನೆಯ ಅಜ್ಜಿ ಹಲಗೆಯ ಮೇಲೆ ಹಿಟ್ಟಿನ ಉಂಡೆ ಇಟ್ಟು ತಟ್ಟತೊಡಗಿದರು. ತಪ್ ತಪ್ ತಪ್. ಬಳೆ ಕುಣಿಯುತ್ತಿದ್ದವು, ರೊಟ್ಟಿ ತಾನಾಗಿ ತಿರುಗುತ್ತಿತ್ತು! ಹೌದು, ಅದನ್ನು ಕೈಯಿಂದ ಯಾರೂ ತಿರುಗಿಸುತ್ತಿರಲಿಲ್ಲ. ತಟ್ಟುವ ಏಟೇ ಓರೆಯಾಗಿ ಬಿದ್ದು ರೊಟ್ಟಿಯನ್ನು ಸುತ್ತಿಸುತ್ತಿತ್ತು. ಪಕ್ಕದಲ್ಲಿ ಕೂತ ಹುಡುಗಿ ರೊಟ್ಟಿಯನ್ನೇ ದಿಟ್ಟಿಸಿ ನೋಡುತ್ತಾ ತಟ್ಟಿದಳು. ಅಂಚು ಹರಿಯಿತು, ನಡುವೆ ದಪ್ಪ ಉಳಿಯಿತು.

“ನೋಡಬ್ಯಾಡವಾ, ಕೇಳು. ಸಪ್ಪಳ ತೆಳ್ಳಗಾದ್ರ ರೊಟ್ಟೀನೂ ತೆಳ್ಳಗಾಯ್ತು.”

ಎಲ್ಲರೂ ಕಿವಿಗೊಟ್ಟೆವು. ನಿಜ! ಮೊದಲ ಏಟಿನ ಮಂದ ದನಿ ನಿಧಾನಕ್ಕೆ ಹಗುರಾಗುತ್ತಾ, ಹಲಗೆಯ ಸದ್ದು ರೊಟ್ಟಿಯನ್ನು ದಾಟಿ ಕೇಳಿಸತೊಡಗಿತು. ಅಂಚಿನಲ್ಲಿ ಒಂದು ದನಿ, ನಡುವೆ ಇನ್ನೊಂದು. ಎರಡೂ ಒಂದಾದಾಗ ಅಜ್ಜಿ ರೊಟ್ಟಿ ಎತ್ತಿ ಹಂಚಿಗೆ ಹಾಕಿದರು, ಮೇಲೆ ನೀರು ಸವರಿದರು, ತಿರುವಿ ಹಾಕಿದರು. ರೊಟ್ಟಿ ಉಬ್ಬಿತು. ಹುಡುಗಿ ಕಣ್ಣು ಮುಚ್ಚಿ ಮತ್ತೆ ತಟ್ಟಿದಳು. ಅವಳ ರೊಟ್ಟಿ ದುಂಡಗಾಗಲಿಲ್ಲ, ಆದರೆ ಹರಿಯಲೂ ಇಲ್ಲ.

ಎರಡು ಹಾಸು, ಸಾವಿರಾರು ಕೊಂಡಿ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಓಣಿಗೆ ಕಾಲಿಟ್ಟರೆ ಮಗ್ಗದ ಸದ್ದು ಎದುರುಗೊಳ್ಳುತ್ತದೆ. ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರ, ಅತ್ತಿಂದಿತ್ತ ಹಾರುವ ಲಾಳಿ. ಇಳಕಲ್ ಸೀರೆಯನ್ನು ನೋಡದ ಕನ್ನಡಿಗರುಂಟೇ? ಕೆಂಪು ಸೆರಗು, ಅದರ ಮೇಲೆ ಬಿಳಿಯ ವಿನ್ಯಾಸ, ದಟ್ಟ ಬಣ್ಣದ ಮೈ, ಚಿಕ್ಕಿ ಅಥವಾ ಗೋಮಿ ದಡಿ. ಇಷ್ಟು ಎಲ್ಲರಿಗೂ ಗೊತ್ತು. ಆ ಸೆರಗು ಯಾಕೆ ಅಷ್ಟು ಕೆಂಪು?

ಬೇರೆ ಎಷ್ಟೋ ಸೀರೆಗಳಲ್ಲಿ ಹಾಸು ಒಂದೇ, ಈ ತುದಿಯಿಂದ ಆ ತುದಿಗೆ. ಸೆರಗಿಗೆ ಬಂದಾಗ ಹೊಕ್ಕಿನ ಬಣ್ಣ ಮಾತ್ರ ಬದಲಿಸುತ್ತಾರೆ. ಮೈಯ ಹಾಸು ನೀಲಿಯಿದ್ದರೆ ಸೆರಗಿನ ಕೆಂಪಿನೊಳಗೂ ಆ ನೀಲಿ ಇಣುಕುತ್ತದೆ, ಬಣ್ಣ ಬೆರೆತು ಮಂಕಾಗುತ್ತದೆ. ಇಳಕಲ್ಲಿನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಸೆರಗಿಗೆ ಬೇರೆಯದೇ ಹಾಸು ಹಾಕಿದರು, ಪೂರ್ತಿ ಕೆಂಪು ರೇಷ್ಮೆಯದು! ಮೈಯ ಹಾಸು ಎಲ್ಲಿ ಮುಗಿಯುತ್ತದೋ ಅಲ್ಲಿ ಅದರ ಒಂದೊಂದು ಎಳೆಯ ಕುಣಿಕೆಗೂ ಸೆರಗಿನ ಹಾಸಿನ ಒಂದೊಂದು ಕುಣಿಕೆ ತೊಡಿಸಿ ಸೇರಿಸಿದರು. ಮಕ್ಕಳು ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿ ಎಳೆದಾಡುತ್ತವಲ್ಲ, ಹಾಗೆ. ಇದೇ ಕೊಂಡಿ. ಒಂದು ಸೀರೆಯ ಅಗಲಕ್ಕೆ ಇಂಥ ಸಾವಿರಾರು ಕೊಂಡಿಗಳು! ಒಂದೊಂದನ್ನೂ ಕೈಯಿಂದಲೇ ಹಾಕಬೇಕು. ಸೀರೆ ಮುಗಿದರೆ ಮುಂದಿನ ಸೀರೆಗೆ ಹೊಸ ಹಾಸು, ಹೊಸ ಕೊಂಡಿ, ಮತ್ತೆ ಮೊದಲಿನಿಂದ.

ಕೊಂಡಿ ಹಾಕುತ್ತಿದ್ದ ಅಕ್ಕ ತಮ್ಮ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. “ಬಾರವಾ ತಂಗಿ, ಕೂಡ್ರು. ಅವಸರ ಮಾಡಬ್ಯಾಡ. ಒಂದು ಕೊಂಡಿ ತಪ್ಪಿದ್ರ ಸೆರಗು ಪೂರಾ ಕೈಕೊಡ್ತೈತಿ.” ಅವರ ಬೆರಳುಗಳನ್ನು ಹತ್ತಿರದಿಂದ ನೋಡಿದೆವು. ತೋರುಬೆರಳು ಕುಣಿಕೆ ಎತ್ತುತ್ತದೆ, ಹೆಬ್ಬೆರಳು ಎಳೆಯನ್ನು ಹೊಸೆಯುತ್ತದೆ, ಮುಗಿಯಿತು. ಮಾತು ನಿಲ್ಲುವುದಿಲ್ಲ, ಕಣ್ಣು ನಮ್ಮ ಕಡೆ, ಬೆರಳು ತನ್ನ ಪಾಡಿಗೆ ಮುಂದೆ ಮುಂದೆ! ನಮ್ಮ ಹುಡುಗಿಯರು ಉಸಿರು ಬಿಗಿಹಿಡಿದು ಒಂದು ಕೊಂಡಿ ಹಾಕುವಷ್ಟರಲ್ಲಿ ಆ ಅಕ್ಕ ಒಂದು ಸಾಲನ್ನೇ ಮುಗಿಸಿ ಚಹಾಕ್ಕೆ ಕೂಗು ಹಾಕಿದ್ದರು.

ಸೆರಗಿನ ವಿನ್ಯಾಸಗಳ ಹೆಸರು ಕೇಳಿ. ಬಾಚಣಿಗೆಯ ಹಲ್ಲುಗಳಂಥದು ಹಣಿಗಿ. ಕೋಟೆಯ ತೆನೆಗಳ ಸಾಲಿನದು ಇನ್ನೊಂದು. ಜೋಳದ ತೆನೆಯದು ತೋಪ ತೆನಿ. ತೆನೆ! ಎಳ್ಳಮಾವಾಸ್ಯೆಯ ದಿನ ಯಾವ ಜೋಳದ ನಡುವೆ ನಿಂತು ಚರಗ ಚೆಲ್ಲಿದ್ದೆವೋ ಅದೇ ಜೋಳ ಇಲ್ಲಿ ಸೆರಗಿನ ಮೇಲೆ ಬೆಳೆದು ನಿಂತಿತ್ತು. ಹೊಲ, ಕೋಟೆ, ತಲೆ ಬಾಚುವ ಹಣಿಗೆ, ಇಷ್ಟನ್ನೂ ಹೆಣ್ಣುಮಕ್ಕಳು ಹೆಗಲ ಮೇಲೆ ಹೊದ್ದು ಓಡಾಡುತ್ತಿದ್ದಾರೆ.

ಅದೇ ಓಣಿಯಲ್ಲಿ ಧಾರವಾಡದ ಕಡೆಯಿಂದ ಸೊಸೆಯಾಗಿ ಬಂದವರೊಬ್ಬರು ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುತ್ತಿದ್ದರು. ಗಣಿತದ ವಿದ್ಯಾರ್ಥಿನಿ ಅಲ್ಲಿಂದ ಏಳಲೇ ಇಲ್ಲ. ಯಾಕೆಂದರೆ ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಬಿಡಿಸಿಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹೊಲಿಯಬೇಕು. ಗಂಟು ಹಾಕುವಂತಿಲ್ಲ. ಗವಂತಿ ಎಂಬ ಹೊಲಿಗೆಯಲ್ಲಂತೂ ಎದುರು, ಹಿಂಬದಿ ಎರಡೂ ಒಂದೇ ರೀತಿ ಕಾಣಬೇಕು! ಸೂಜಿ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಗೋಪುರದ ವಿನ್ಯಾಸದ ಮೂಲೆಮೂಲೆಗೂ ಹೋಗುತ್ತದೆ, ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತಾ ಹೊರಟಲ್ಲಿಗೇ ವಾಪಸು ಬರುತ್ತದೆ. ದಾರಿ ತಪ್ಪಿದರೆ ದಾರ ಹಿಂಬದಿಯಲ್ಲಿ ಅಡ್ಡ ಹಾಯುತ್ತದೆ, ಗುಟ್ಟು ಬಯಲಾಗುತ್ತದೆ.

“ಇದು ಆಯ್ಲರನ ಲೆಕ್ಕ!” ಎಂದಳು ಹುಡುಗಿ. 1736ರಲ್ಲಿ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗ್ ಊರಿನ 7 ಸೇತುವೆಗಳನ್ನು ಒಂದೊಂದು ಸಲ ಮಾತ್ರ ದಾಟಿ ಊರೆಲ್ಲ ಸುತ್ತಿ ಬರಲು ಸಾಧ್ಯವಿಲ್ಲ ಎಂದು ತೋರಿಸಿದ. ದಾರಿಗಳು ಕೂಡುವಲ್ಲಿ ಬೆಸಸಂಖ್ಯೆ ಬಂದರೆ ತೊಡಕು. ಗವಂತಿಯಲ್ಲಿ ಪ್ರತಿ ಗೆರೆಯನ್ನೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಎರಡು ಸಲ ಹಾಯಬೇಕು. ಹಾಗಾಗಿ ಪ್ರತಿ ಸಂಧಿಯಲ್ಲೂ ಸಮಸಂಖ್ಯೆಯೇ, ತೊಡಕೇ ಇಲ್ಲ! ಹಲಗೆಯ ಮೇಲೆ ಚಾಕ್‌ಪೀಸಿನಿಂದ ಕಲಿತದ್ದನ್ನು ಆ ಸೊಸೆ ಸೂಜಿಯಲ್ಲಿ ಮಾಡಿ ಮುಗಿಸಿದ್ದರು. ಹುಡುಗಿ ಅದನ್ನು ವಿವರಿಸಿದಾಗ ಅವರು ತಲೆಯೆತ್ತದೆ ಅಂದರು, “ಹೋದ ದಾರೀಲೆ ಬರಬೇಕು ಅಂತ ನಮ್ಮವ್ವ ಹೇಳಿದ್ಲು. ಅಷ್ಟ ಗೊತ್ತು ನನಗ.”

ಹೊರಡುವಾಗ ಮನೆಯವರು ತಡೆದರು. ಹೆಣ್ಣುಮಕ್ಕಳನ್ನು ಬರಿ ಉಡಿಯಲ್ಲಿ ಕಳಿಸಬಾರದಂತೆ. ಸಾಲಾಗಿ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಗುಳೇದಗುಡ್ಡದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ ಇಟ್ಟು ಉಡಿ ತುಂಬಿದರು. ಜೀನ್ಸ್ ತೊಟ್ಟ ಹುಡುಗಿಯರಿಗೆ ಉಡಿ ಎಲ್ಲಿ? ದುಪಟ್ಟಾ ಒಬ್ಬಳಿಂದ ಒಬ್ಬಳಿಗೆ ದಾಟಿತು. ಹುಡುಗರ ಹೆಗಲಿಗೂ ಟವೆಲ್ಲು ಬಂತು. ಪರಿಚಯವೇ ಇಲ್ಲದ ಮನೆಯಿಂದ ತವರಿನ ಮರ್ಯಾದೆ! ಇಷ್ಟು ಹೊತ್ತು ನೋಡಿದ ನೇಯ್ಗೆ ಯಾತಕ್ಕಾಗಿ ಎಂದು ಆಗ ಸ್ಪಷ್ಟವಾಯಿತು. ಖಣ ನೇಯುವುದು ಉಡಿ ತುಂಬುವುದಕ್ಕೆ. ಉಡಿ ತುಂಬುವ ಪದ್ಧತಿ ನಿಂತರೆ ಮಗ್ಗವೂ ನಿಂತೀತು. ಕಸುಬಿಗೂ ಪದ್ಧತಿಗೂ ನಡುವೆ ಇನ್ನೊಂದು ಕೊಂಡಿಯಿದೆ.

ಕಣ್ಣು ಮುಚ್ಚಿ ಹುಡುಕಿ

ಹಂಪಿಯಲ್ಲಿ ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿ ನೋಡುತ್ತಾ ಎಲ್ಲರ ಕುತ್ತಿಗೆ ನೋಯುತ್ತಿತ್ತು. ಆ ವರ್ಣಚಿತ್ರಗಳನ್ನು ಬರೆದವರು ತಮ್ಮ ಪೂರ್ವಿಕರು ಎಂದು ಹೇಳಿಕೊಂಡು ಬಂದ ಮನೆತನಗಳು ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿವೆ. ಚಿತ್ರಗಾರರು. ಬಸ್ಸು ಅತ್ತ ತಿರುಗಿತು.

ಕಿನ್ನಾಳದ ಒಂದು ಅಂಗಳದಲ್ಲಿ ಗರುಡ ನಿಂತಿದ್ದ. ಹಳದಿ, ಕೆಂಪು, ಹಸಿರು ಬಣ್ಣಗಳ ನಡುವೆ ಚಿನ್ನದ ಕಿರೀಟ, ಚಿನ್ನದ ಹಾರ. ಚಿನ್ನವೇ? ಅಲ್ಲ, ತವರ! ತವರವನ್ನು ಪುಡಿ ಮಾಡಿ, ಅಂಟಿನಲ್ಲಿ ಕಲೆಸಿ ಬಳಿದು, ಉಜ್ಜಿ ಉಜ್ಜಿ ಹೊಳಪೆಬ್ಬಿಸಿ ಚಿನ್ನದ ಕಳೆ ತರುವ ಈ ವಿದ್ಯೆಗೆ ಲಾಜವಾರ ಎನ್ನುತ್ತಾರೆ. ಹಾರದ ಮಣಿಗಳು ಉಬ್ಬಿ ನಿಂತಿವೆಯಲ್ಲ, ಅವನ್ನು ಮರದಲ್ಲಿ ಕೆತ್ತಿದ್ದಲ್ಲ. ಕಲ್ಲಿನ ಪುಡಿಗೆ ಅಂಟು ಬೆರೆಸಿ, ಆ ಹದವನ್ನು ಮೈಮೇಲೆ ಹನಿ ಹನಿಯಾಗಿ ಇಟ್ಟು ಬೆಳೆಸಿದ್ದು.

ಗರುಡನ ರೆಕ್ಕೆ ಬೇರೆ ತುಂಡು, ತೋಳು ಬೇರೆ ತುಂಡು. ಹಗುರ ಮರದಲ್ಲಿ ಬಿಡಿಬಿಡಿಯಾಗಿ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಜೋಡಣೆಯ ಮೇಲೆ ಕಿಟ್ಟ ಬಳಿಯುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಂದಿಗೆ ಅರೆದದ್ದೇ ಕಿಟ್ಟ. ಬಿಸಾಡುವ ಚಿಂದಿ, ಬಿಸಾಡುವ ಹೊಟ್ಟು, ಉಗುಳುವ ಬೀಜ! ಮೂರೂ ಸೇರಿ ದೇವರ ಮೈಯಾಗುತ್ತವೆ.

ಬಣ್ಣ ಕಾಣದ ಗೊಂಬೆಯೊಂದನ್ನು ಚಿತ್ರಗಾರರು ನಮ್ಮ ಮುಂದಿಟ್ಟು ಸವಾಲು ಹಾಕಿದರು. “ಕಣ್ಣು ಮುಚ್ಚಿ ಬೆರಳಾಡ್ಸು ತಮ್ಮಾ. ಎಲ್ಲಿ ಜೋಡ್ಸೀವಿ ಹೇಳು ನೋಡೋಣ.” ಒಬ್ಬೊಬ್ಬರಾಗಿ ಬಂದರು. ಭುಜದ ಮೇಲೆ ಬೆರಳು ಹೋಯಿತು, ಕತ್ತಿನ ಸುತ್ತ ಹೋಯಿತು. ಸಿಗಲಿಲ್ಲ! ಇಲ್ಲಿದೆ ಎಂದು ಒಬ್ಬ ತೋರಿಸಿದ ಜಾಗದಲ್ಲಿ ಮರ ಇಡಿಯಾಗಿತ್ತು. ಆಗ ಮನೆಯ ಪುಟ್ಟ ಹುಡುಗಿ, ಇನ್ನೂ ಪ್ರಾಥಮಿಕ ಶಾಲೆಯವಳು, ಆಟದ ನಡುವೆ ಓಡಿಬಂದು, ಗೊಂಬೆಯನ್ನು ಸರಿಯಾಗಿ ನೋಡದೆಯೇ ತೋಳಿನ ಹಿಂದೆ ಬೆರಳಿಟ್ಟು ಓಡಿಹೋದಳು. ಅಲ್ಲೇ ಇತ್ತು.

ನಮ್ಮ ಮಕ್ಕಳು ಪೆಚ್ಚಾಗಿ ನಕ್ಕರು. ಎಲ್ಲರ ಬೆರಳಿನಲ್ಲೂ ಇರುವ ಚರ್ಮ ಅದೇ, ನರ ಅದೇ. ಆ ಹುಡುಗಿಯ ಬೆರಳಿಗೆ ಮಾತ್ರ ಅಕ್ಷರಾಭ್ಯಾಸವಾಗಿದೆ. ಬೀದರಿನ ನಾಲಿಗೆಗೆ, ರೊಟ್ಟಿ ಅಜ್ಜಿಯ ಕಿವಿಗೆ ಆದದ್ದೂ ಅದೇ. ವಿಡಿಯೊ ನೋಡಿ ಕಲಿಯಬಹುದಾದದ್ದು ಹೆಚ್ಚೆಂದರೆ ಕೆಲಸದ ಕ್ರಮ. ಮಣ್ಣಿನ ರುಚಿ, ಸಪ್ಪಳದ ತೆಳುವು, ಕಿಟ್ಟದ ಕೆಳಗಿನ ಸಂದು ಇವು ಯಾವ ಪರದೆಯ ಮೇಲೂ ಬರುವುದಿಲ್ಲ. ಪಕ್ಕದಲ್ಲಿ ಕೂತು, ಬೈಸಿಕೊಂಡು, ಮತ್ತೆ ಮಾಡಿ, ಮೈಗೆ ಇಳಿಸಿಕೊಳ್ಳಬೇಕು. ಒಂದು ತಲೆಮಾರು ಪಕ್ಕದಲ್ಲಿ ಕೂರದಿದ್ದರೆ ಸಾಕು, ಪುಸ್ತಕವಿದ್ದೂ ವಿದ್ಯೆ ಇರುವುದಿಲ್ಲ.

2022ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರ ನಮ್ಮ ಕರಕುಶಲ ಪರಂಪರೆಯನ್ನೇ ಹೊತ್ತು ರಾಜಪಥದಲ್ಲಿ ಸಾಗಿತ್ತು. ಬಿದ್ರಿ, ಕಿನ್ನಾಳ, ಚನ್ನಪಟ್ಟಣ ಎಲ್ಲವೂ ಇದ್ದವು, ಕರಕುಶಲಕ್ಕೆ ಮರುಜೀವ ಕೊಟ್ಟ ಕಮಲಾದೇವಿ ಚಟ್ಟೋಪಾಧ್ಯಾಯರ ಪ್ರತಿಮೆಯೂ ಇತ್ತು. ಬಸ್ಸಿನಲ್ಲಿದ್ದ ಹಲವರು ಟಿವಿಯಲ್ಲಿ ಅದನ್ನು ನೋಡಿ ಚಪ್ಪಾಳೆ ತಟ್ಟಿದವರೇ. ಈಗ ಅವರ ಚಪ್ಪಾಳೆಯ ಕೈಗಳಲ್ಲಿ ಉಳಿಯ ಗಾಯವಿತ್ತು, ಉಗುರಿನ ಸಂದಿಯಲ್ಲಿ ಕಿಟ್ಟವಿತ್ತು.

ವಾಪಸು ಬರುವ ದಾರಿಯಲ್ಲಿ ಯಾರಿಗೂ ನಿದ್ದೆಯಿಲ್ಲ. ರಸಾಯನಶಾಸ್ತ್ರದವರು ಬಿದ್ರಿಯ ಕಪ್ಪನ್ನೇ ಪ್ರಾಜೆಕ್ಟ್ ಮಾಡುತ್ತೇವೆ ಎಂದು ಮೇಷ್ಟ್ರನ್ನು ಹಿಡಿದುಕೊಂಡರು. ಗಣಿತದ ಹುಡುಗಿ ನೋಟ್‌ಬುಕ್ಕಿನ ಚೌಕಳಿ ಹಾಳೆಯ ಮೇಲೆ ಗವಂತಿಯ ಗೋಪುರ ಬಿಡಿಸಿ, ಪೆನ್ಸಿಲ್ ಎತ್ತದೆ ಹೋಗಿ ಬರುವ ದಾರಿ ಹುಡುಕುತ್ತಿದ್ದಳು. ವಾಣಿಜ್ಯದ ಹುಡುಗ ತಾಯಿಗೆ ಫೋನು ಹಚ್ಚಿ, ಇಳಕಲ್ ಸೀರೆ ಕೊಳ್ಳುವಾಗ ಸೆರಗು ಸೇರುವಲ್ಲಿ ತಿರುಗಿಸಿ ಕೊಂಡಿ ಇದೆಯೇ ನೋಡು ಎಂದು ಪಾಠ ಹೇಳುತ್ತಿದ್ದ.

ಮುಂದಿನ ಸಲ ಎಲ್ಲಿಗೆ? ನವಲಗುಂದದ ಜಮಖಾನೆ ಎಂದರು ಕೆಲವರು, ಸಂಡೂರಿನ ಲಂಬಾಣಿ ಕಸೂತಿ ಎಂದರು ಇನ್ನು ಕೆಲವರು. ಅಷ್ಟರಲ್ಲಿ ಯಾರೋ ಚನ್ನಪಟ್ಟಣದ ಸುದ್ದಿ ತೆಗೆದರು. ಅಲ್ಲಿ ಹಾಲೆಮರವನ್ನು ಚರಕಿಯಲ್ಲಿ ತಿರುಗಿಸುತ್ತಾ ಅದಕ್ಕೆ ಅರಗಿನ ಕಡ್ಡಿ ಒತ್ತುತ್ತಾರಂತೆ, ಆ ಉಜ್ಜಾಟದ ಶಾಖಕ್ಕೇ ಅರಗು ಕರಗಿ ಬಣ್ಣವಾಗಿ ಹರಡುತ್ತದಂತೆ, ಬೆಂಕಿಯೇ ಬೇಡವಂತೆ! ಬೆಂಗಳೂರಿನಿಂದ ಅದು ಸುಮಾರು 60 ಕಿಲೋಮೀಟರ್. ಮೈಸೂರಿಗೆ ಹೋಗುವಾಗೆಲ್ಲ ಕಿಟಕಿಯಿಂದ ಕಂಡು ಹಿಂದೆ ಬಿಟ್ಟ ಊರು. “ಈ ಸಲ ಇಳಿಯೋಣ ಸಾರ್” ಎಂದಿತು ಇಡೀ ಬಸ್ಸು.